ಜೇಬಿಲ್ಲದ ಮೇಜು

ಬೇಸಗೆಯ ರಜೆಯಲ್ಲಿ ಕೇರಂ ಹಲಗೆಯ ಸುತ್ತ ಕುಳಿತ ಮಕ್ಕಳಿಗೆ ಆಟದ ತತ್ತ್ವವನ್ನು ಯಾರೂ ಬೋಧಿಸಬೇಕಾಗಿಲ್ಲ. ನಾಲ್ಕು ಮೂಲೆಗಳಿಗೆ ನಾಲ್ಕು ಕುಳಿಗಳು. ಕಾಯಿ ಕುಳಿಗೆ ಬಿದ್ದರೆ ಲಾಭ, ಬೀಳದಿದ್ದರೆ ನಷ್ಟ. ಬಿದ್ದ ಕಾಯನ್ನು ಬಲೆಯಿಂದ ತೆಗೆದು ತನ್ನ ಮುಂದೆ ಸಾಲಾಗಿ ಜೋಡಿಸಿಕೊಳ್ಳುವ ಹುಡುಗನ ಮುಖದಲ್ಲಿ, ತಿಂಗಳ ಕೊನೆಗೆ ಉಳಿದ ಹಣವನ್ನು ಎಣಿಸುವ ಗೃಹಸ್ಥನ ತೃಪ್ತಿಯೇ ಕಾಣುತ್ತದೆ. ಕ್ಲಬ್ಬುಗಳಲ್ಲಿ ಹಿರಿಯರು ಆಡುವ ಬಿಲಿಯರ್ಡ್ಸ್ ಆಟದಲ್ಲಿಯೂ ಮೇಜಿಗೆ ಆರು ಜೇಬುಗಳುಂಟು. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಹವ್ಯಾಸಿ ಬಿಲಿಯರ್ಡ್ಸಿನ ವಿಶ್ವ ಚಾಂಪಿಯನ್ ಆದದ್ದು ಅಂಥ ಮೇಜಿನ ಮೇಲೆ. ಬೆಂಗಳೂರಿನ ಪಂಕಜ್ ಅಡ್ವಾಣಿ ವಿಶ್ವ ಪ್ರಶಸ್ತಿಗಳನ್ನು ಗೆದ್ದದ್ದೂ ಅಂಥ ಮೇಜಿನ ಮೇಲೆಯೇ. ಗಳಿಸಿದ್ದನ್ನು ತುಂಬಿಕೊಳ್ಳಲು ಒಂದು ಜೇಬು ಇರಬೇಕೆಂಬುದು ಲೋಕರೂಢಿ.

ಈ ರೂಢಿಯನ್ನು ಒಪ್ಪದ ಒಂದು ಮೇಜೂ ಇದೆ. ಅದಕ್ಕೆ ಜೇಬೂ ಇಲ್ಲ, ಕುಳಿಯೂ ಇಲ್ಲ. ಹತ್ತಡಿ ಉದ್ದ, ಐದಡಿ ಅಗಲ. ಕಲ್ಲಿನ ಹಾಸಿನ ಮೇಲೆ ಬಿಗಿದ ಬಟ್ಟೆ. ಸುತ್ತಲೂ ರಬ್ಬರಿನ ಕುಶನ್ ಗೋಡೆ. ಅದರ ಮೇಲೆ ಮೂರೇ ಚೆಂಡುಗಳು: ಒಂದು ಬಿಳಿ, ಒಂದು ಹಳದಿ, ಒಂದು ಕೆಂಪು. ಆಟ ಆರಂಭವಾದಾಗ ಮೂರು ಚೆಂಡುಗಳಿರುತ್ತವೆ, ಮುಗಿದಾಗಲೂ ಅವೇ ಮೂರು. ನಡುವೆ ನಡೆದ ಸಾಹಸವೆಲ್ಲ ಲೆಕ್ಕದ ಹಲಗೆಯ ಮೇಲಿನ ಅಂಕಿಯಾಗಿ ಉಳಿಯುತ್ತದೆಯೇ ಹೊರತು ಮೇಜಿನ ಮೇಲೆ ಅದರ ಗುರುತಿರುವುದಿಲ್ಲ. ಇದೇ ಕೇರಂ ಬಿಲಿಯರ್ಡ್ಸ್. ಅದರ ಅತ್ಯಂತ ಕಠಿಣವಾದ ಪ್ರಕಾರವೇ ಮೂರು ಕುಶನ್ನಿನ ಆಟ.

ಹೆಸರಿನ ಹಿಂದೆಯೂ ಒಂದು ಸ್ವಾರಸ್ಯವಿದೆ. ಐರೋಪ್ಯರು ಈ ಆಟದ ಕೆಂಪು ಚೆಂಡನ್ನು ‘ಕಾರಂಬೋಲ’ ಎಂದು ಕರೆದರು; ಅದೇ ಮೊಟಕಾಗಿ ‘ಕೇರಂ’ ಆಯಿತು. ಆ ಪದವು ಒಂದು ಹಣ್ಣಿನ ಹೆಸರಿನಿಂದ ಬಂದಿರಬೇಕೆಂದು ನಿಘಂಟುಕಾರರು ಊಹಿಸುತ್ತಾರೆ. ಪೋರ್ಚುಗೀಸರು ಹಣ್ಣಿನ ಆ ಹೆಸರನ್ನು ಪಡೆದದ್ದು ಮರಾಠಿಯ ‘ಕರಂಬಳ’ದಿಂದ, ಮರಾಠಿಗೆ ಅದು ದೊರೆತದ್ದು ಸಂಸ್ಕೃತದ ‘ಕರ್ಮರಂಗ’ದಿಂದ. ಕನ್ನಡ ಕರಾವಳಿಯ ಗೃಹಿಣಿಯರು ಉಪ್ಪಿನಕಾಯಿ ಹಾಕುವ ಧಾರೆಹುಳಿಯೇ ಆ ಹಣ್ಣು. ಊಹೆ ನಿಜವಾದರೆ, ಹಿತ್ತಿಲ ಹುಳಿಯೊಂದು ಸಮುದ್ರ ದಾಟಿ, ಹೆಸರು ಬದಲಿಸಿಕೊಂಡು, ಆಟದ ರೂಪದಲ್ಲಿ ತವರಿಗೆ ಮರಳಿದಂತಾಯಿತು.

ಮೂರು ಕುಶನ್ನಿನ ಆಟದ ನಿಯಮವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಆಟಗಾರನು ತನ್ನ ಚೆಂಡನ್ನು ಹೊಡೆದಾಗ ಅದು ಉಳಿದೆರಡು ಚೆಂಡುಗಳನ್ನೂ ಮುಟ್ಟಬೇಕು. ಆದರೆ ಎರಡನೆಯದನ್ನು ಮುಟ್ಟುವ ಮುನ್ನ ಕನಿಷ್ಠ ಮೂರು ಬಾರಿ ಕುಶನ್ನಿಗೆ ತಾಗಿರಬೇಕು. ಹಾಗಾದರೆ ಒಂದು ಅಂಕ ಮತ್ತು ಇನ್ನೊಂದು ಹೊಡೆತ; ಆಗದಿದ್ದರೆ ಸರದಿ ಎದುರಾಳಿಯದು. ಗುರಿಯ ಚೆಂಡು ಒಂದು ಗೇಣು ದೂರದಲ್ಲಿಯೇ ಇರಲಿ, ನೇರವಾಗಿ ಹೋಗುವವನಿಗೆ ಇಲ್ಲಿ ಅಂಕವಿಲ್ಲ.

ನಿಯಮ ವಿಚಿತ್ರವೆಂದು ತೋರಬಹುದು. ಆದರೆ ಹೆಣ್ಣು ಕೇಳಲು ಬಂದ ಹಿರಿಯರ ಮಾತುಕತೆಯನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಬಂದವರು ಮೊದಲು ಈ ವರ್ಷದ ಮಳೆಯ ವಿಷಯ ಎತ್ತುತ್ತಾರೆ. ಅಲ್ಲಿಂದ ಅಕ್ಕಿಯ ಬೆಲೆಗೆ ತಾಗುತ್ತಾರೆ. ಆಮೇಲೆ ಮನೆಯ ಯಜಮಾನರ ಮೊಣಕಾಲುನೋವನ್ನು ವಿಚಾರಿಸುತ್ತಾರೆ. ಈ ಮೂರು ಗೋಡೆಗಳನ್ನು ಮುಟ್ಟಿದ ಮೇಲೆ, ಕಾಫಿಯ ಲೋಟ ಕೆಳಗಿಡುತ್ತ, “ತಮ್ಮ ಎರಡನೆಯ ಮಗಳು...” ಎಂದು ಮೆಲ್ಲನೆ ಗುರಿಗೆ ಬರುತ್ತಾರೆ. ಬಾಗಿಲಲ್ಲಿಯೇ ನಿಂತು ವಿಷಯ ಎತ್ತಿದವನಿಗೆ ಅಂಕ ಸಿಕ್ಕುವುದಿಲ್ಲ. ಮಳೆ, ಅಕ್ಕಿಗಳಲ್ಲಿಯೇ ಸುತ್ತುತ್ತ ಉಳಿದು ಮೇಲೆದ್ದು ಹೋದವನಿಗೂ ಸಿಕ್ಕುವುದಿಲ್ಲ. ಸುತ್ತುದಾರಿಯನ್ನು ಹಿಡಿಯುವಾಗಲೂ ಗುರಿಯನ್ನು ಮರೆಯದಿರುವುದೇ ಕೌಶಲ.

ಅಂತಾರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಈ ಕೌಶಲವು ಶಾಸ್ತ್ರದ ಗಾಂಭೀರ್ಯವನ್ನು ಪಡೆಯುತ್ತದೆ. ಬಟ್ಟೆಯಲ್ಲಿ ತೇವ ನಿಲ್ಲದೆ ಚೆಂಡು ಸರಾಗವಾಗಿ ಓಡಲೆಂದು ಮೇಜನ್ನು ಒಳಗಿನಿಂದ ಹದವಾಗಿ ಕಾಯಿಸಿರುತ್ತಾರೆ. ಮೇಜಿನ ಅಂಚಿನ ಮೇಲೆ ಸಮಾನ ಅಂತರದಲ್ಲಿ ಚುಕ್ಕೆಗಳಿರುತ್ತವೆ. ಆಟಗಾರನು ಆ ಚುಕ್ಕೆಗಳಿಗೆ ಮನಸ್ಸಿನಲ್ಲಿಯೇ ಅಂಕಿಗಳನ್ನು ಕೊಟ್ಟು, ಕೂಡಿ ಕಳೆದು, ಚೆಂಡು ಯಾವ ಗೋಡೆಯ ಎಲ್ಲಿಗೆ ತಾಗಿ ಎಲ್ಲಿಗೆ ಹೊರಳುವುದೆಂದು ನಿಶ್ಚಯಿಸುತ್ತಾನೆ. ಚುಕ್ಕೆಯಿಟ್ಟು ರಂಗೋಲಿ ಎಳೆಯುವವರಿಗೆ ಈ ಲೆಕ್ಕ ತೀರ ಅಪರಿಚಿತವಲ್ಲ. ಎಳೆಯುವುದು ಬೆರಳಲ್ಲ, ಇನ್ನೂರು ಗ್ರಾಂಗೂ ಮಿಕ್ಕ ತೂಕದ ಚೆಂಡು ಎಂಬುದೊಂದೇ ವ್ಯತ್ಯಾಸ. ವಿಶ್ವಕಪ್ ಪಂದ್ಯಗಳಲ್ಲಿ ಒಂದು ಹೊಡೆತಕ್ಕೆ 40 ಸೆಕೆಂಡುಗಳ ಮಿತಿಯನ್ನೂ ಇಟ್ಟಿದ್ದಾರೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ತಪ್ಪುವುದು ತಪ್ಪದು. ಈ ಆಟದಲ್ಲಿ ಆಟಗಾರನ ಯೋಗ್ಯತೆಯನ್ನು ಅಳೆಯುವುದು ಸರದಿಯೊಂದಕ್ಕೆ ಎಷ್ಟು ಅಂಕ ಎಂಬ ಸರಾಸರಿಯಿಂದ. ಒಂದು ಸರದಿಗೆ ಒಂದು ಅಂಕದ ಸರಾಸರಿ ಉಳ್ಳವನು ಬಹಳ ಉತ್ತಮ ಆಟಗಾರ. ಎರಡರ ಸರಾಸರಿ ತಲಪುವವನು ಲೋಕದ ಅಗ್ರಗಣ್ಯರಲ್ಲೊಬ್ಬ. ಆದರೆ ಪ್ರತಿ ಸರದಿಯೂ ಸಾಮಾನ್ಯವಾಗಿ ಒಂದು ತಪ್ಪಿನಿಂದಲೇ ಕೊನೆಗಾಣುತ್ತದೆಯಲ್ಲವೆ? ಹಾಗಿರಲು, ಬಹಳ ಉತ್ತಮನಾದವನು ಹೊಡೆದ ಎರಡರಲ್ಲಿ ಒಂದನ್ನು ತಪ್ಪುತ್ತಾನೆ. ಅಗ್ರಗಣ್ಯನಾದವನು ಮೂರರಲ್ಲಿ ಒಂದನ್ನು ತಪ್ಪುತ್ತಾನೆ. ನೂರಕ್ಕೆ ತೊಂಬತ್ತೆಂಟು ತಂದ ಮಗನನ್ನು ಉಳಿದ ಎರಡು ಎಲ್ಲಿ ಹೋದವೆಂದು ಕೇಳುವ ತಂದೆಯರು ಈ ಲೆಕ್ಕವನ್ನು ಒಮ್ಮೆ ಶಾಂತಚಿತ್ತದಿಂದ ನೋಡುವುದು ಒಳ್ಳೆಯದು.

ಈ ದೃಷ್ಟಿಯಿಂದ ನೆನೆಯತಕ್ಕ ಪಂದ್ಯಾವಳಿಯೊಂದು 1952ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನಡೆಯಿತು. ಅದು ಮೂರು ಕುಶನ್ನಿನ ವಿಶ್ವ ಚಾಂಪಿಯನ್‌ಷಿಪ್. ಸ್ಪರ್ಧಿಗಳು ಹತ್ತು ಜನ. ಪ್ರತಿಯೊಬ್ಬರೂ ಉಳಿದೆಲ್ಲರನ್ನೂ ಎದುರಿಸಬೇಕು. ಆ ಹತ್ತರಲ್ಲಿ ಒಂಬತ್ತು ಮಂದಿ ಗಂಡಸರು. ಹತ್ತನೆಯವಳು ಜಪಾನಿನ ಮಸಾಕೊ ಕತ್ಸುರ. ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಗಾಗಿ ಸ್ಪರ್ಧಿಸಿದ ಮೊದಲ ಮಹಿಳೆ ಆಕೆ.

1913ರಲ್ಲಿ ಹುಟ್ಟಿದ ಮಸಾಕೊ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡಳು. ಅಕ್ಕನ ಗಂಡನ ಬಿಲಿಯರ್ಡ್ಸ್ ಅಂಗಡಿಯಲ್ಲಿ ಆಕೆಗೆ ಈ ಆಟದ ಪರಿಚಯವಾಯಿತು. ಅಕ್ಕನ ಮನೆಯ ಆಶ್ರಯದಲ್ಲಿ ಬೆಳೆಯುವ ಹುಡುಗಿಗೆ ಹೊಲಿಗೆಯನ್ನೋ ಅಡಿಗೆಯನ್ನೋ ಕಲಿಸುವುದು ಎಲ್ಲ ದೇಶಗಳ ವಾಡಿಕೆ. ಈಕೆಯ ಕೈಗೆ ಸೂಜಿಯ ಬದಲು ಕ್ಯೂ ಬಂತು. ಹದಿಹರೆಯದಲ್ಲಿಯೇ ಆಕೆ ಜಪಾನಿನ ಮಹಿಳಾ ಚಾಂಪಿಯನ್ ಆದಳು. ಕಿನ್ರೆ ಮತ್ಸುಯಾಮ ಎಂಬ ಪ್ರಸಿದ್ಧ ಆಟಗಾರ ಆಕೆಗೆ ಗುರುವಾದ. 1950ರಲ್ಲಿ ಆಕೆ ಅಮೆರಿಕದ ಸೈನಿಕನೊಬ್ಬನನ್ನು ವಿವಾಹವಾದಳು. ಮರುವರ್ಷ ಪತಿಯೊಡನೆ ಆ ದೇಶಕ್ಕೆ ಬಂದಳು.

ಆ ಕಾಲವನ್ನು ನೆನೆಯಬೇಕು. ಮಹಾಯುದ್ಧ ಮುಗಿದು ಏಳು ವರ್ಷವೂ ತುಂಬಿರಲಿಲ್ಲ. ಜಪಾನಿನೊಡನೆ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಇದೇ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ, 1951ರ ಸೆಪ್ಟೆಂಬರಿನಲ್ಲಿ. ಅದು ಜಾರಿಗೆ ಬಂದದ್ದು 1952ರ ಏಪ್ರಿಲ್ 28ರಂದು. ಎಂದರೆ, ಆ ಮಾರ್ಚ್ ತಿಂಗಳಲ್ಲಿ ಆಕೆ ಮೇಜಿನ ಮುಂದೆ ನಿಂತಾಗ ಆಕೆಯ ತವರು ಇನ್ನೂ ಪರರ ಸೈನ್ಯದ ಆಡಳಿತದಲ್ಲಿತ್ತು. ಆಕೆ ಐದಡಿಯಷ್ಟೇ ಎತ್ತರದ ಸಣ್ಣ ಹೆಂಗಸು. ಎದುರಾಳಿಗಳಲ್ಲಿ ಆಕೆಯ ಗುರು ಮತ್ಸುಯಾಮನೂ ಇದ್ದ. ಕಲಿಸಿದವನೊಡನೆಯೇ ಕಾದಬೇಕಾದ ಶಿಷ್ಯೆಗೆ ಯಾವ ಹೊಡೆತ ಹೆಚ್ಚು ಕಷ್ಟವಾಗಿದ್ದೀತೋ ಮೇಜಿಗೇ ಗೊತ್ತು.

ಆ ವರ್ಷದ ಕಿರೀಟ ವಿಲ್ಲಿ ಹಾಪ್ಪಿಯದಾಯಿತು. ಆತನೂ ಸಾಮಾನ್ಯನಲ್ಲ. ಬಾಲಕನಾಗಿದ್ದಾಗ ಮೇಜಿನ ಎತ್ತರಕ್ಕೆ ನಿಲುಕದೆ ಪೆಟ್ಟಿಗೆಯ ಮೇಲೆ ನಿಂತು ಆಡಲು ಕಲಿತವನು. ಆಗ ಪಕ್ಕಕ್ಕೆ ಚಾಚಿಕೊಂಡ ಮೊಣಕೈಯನ್ನು ದೊಡ್ಡವನಾದ ಮೇಲೂ ನೇರ ಮಾಡಿಕೊಳ್ಳಲಿಲ್ಲ. ಪಾಠಪುಸ್ತಕ ತಪ್ಪೆನ್ನುವ ಆ ಕೈಯಿಂದಲೇ ಹದಿನೆಂಟನೆಯ ವಯಸ್ಸಿನಲ್ಲಿ, 1906ರಲ್ಲಿ, ಪ್ಯಾರಿಸಿನಲ್ಲಿ ಫ್ರೆಂಚರ ಹಿರಿಯ ವೀರ ಮಾರಿಸ್ ವಿನ್ಯೋನನ್ನು ಸೋಲಿಸಿ ವಿಶ್ವ ಪ್ರಶಸ್ತಿ ಪಡೆದ. 1940ರಲ್ಲಿ ಷಿಕಾಗೋ ಪಂದ್ಯಾವಳಿಯ ಇಪ್ಪತ್ತು ಆಟಗಳಲ್ಲಿ ಒಂದನ್ನೂ ಸೋಲಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗೆದ್ದಾಗ ಆತನಿಗೆ 64 ವರ್ಷ. ಅದೇ ಕೊನೆಯ ಗೆಲುವೆಂದು ಆ ವರ್ಷವೇ ನಿವೃತ್ತನಾದ.

ಮಸಾಕೊ ಕತ್ಸುರಳಿಗೆ ದೊರೆತದ್ದು ಏಳನೆಯ ಸ್ಥಾನ.

ಏಳನೆಯ ಸ್ಥಾನಕ್ಕೆ ಯಾರೂ ಹಾರ ಹಾಕುವುದಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಭಾವಚಿತ್ರ ಬರುವುದು ಮೊದಲ ಸ್ಥಾನದವರದು. ಏಳನೆಯವನ ಮನೆಯಲ್ಲಿ ಅಂದು ಪಾಯಸವಾದರೂ ಆದೀತೋ ಇಲ್ಲವೋ. ಆದರೆ ಎಲ್ಲರೂ ಎಲ್ಲರೊಡನೆ ಆಡುವ ಪಂದ್ಯಾವಳಿಯಲ್ಲಿ ಏಳನೆಯ ಸ್ಥಾನವು ಅದೃಷ್ಟದಿಂದ ಬರುವಂಥದಲ್ಲ. ಲೋಕದ ಆಯ್ದ ಒಂಬತ್ತು ಮಂದಿಯ ಎದುರು ಒಬ್ಬೊಬ್ಬರಂತೆ ನಿಂತ ಮೇಲೂ ಮೂರು ಮಂದಿ ಆಕೆಯ ಹಿಂದೆ ಉಳಿದರು. ಅಲ್ಲಿಯವರೆಗೆ ಹೆಂಗಸರಿಗೆ ಆ ಪಂದ್ಯದಲ್ಲಿ ಯಾವ ಸ್ಥಾನವೂ ಇರಲಿಲ್ಲವೆಂಬುದನ್ನು ನೆನೆದಾಗ ಏಳು ಎಂಬ ಅಂಕಿ ಬೇರೆಯೇ ಆಗಿ ಕಾಣತೊಡಗುತ್ತದೆ. ಮಹಿಳೆಯರಿಗಾಗಿಯೇ ಮೂರು ಕುಶನ್ನಿನ ವಿಶ್ವ ಚಾಂಪಿಯನ್‌ಷಿಪ್ ಬರುವ ವೇಳೆಗೆ 2004ನೆಯ ಇಸವಿಯಾಯಿತು. ಅಂದು ಗೆದ್ದವಳೂ ಜಪಾನಿನವಳೇ, ಓರಿಯೆ ಹಿಡಾ. ಒಂದು ಸುತ್ತು ಮುಗಿಯಲು 52 ವರ್ಷ ಹಿಡಿಯಿತು.

ಕತ್ಸುರಳಿಗೆ ವಿಶ್ವ ಪ್ರಶಸ್ತಿ ಎಂದೂ ದಕ್ಕಲಿಲ್ಲ. 1961ರಲ್ಲಿ ಹೆರಾಲ್ಡ್ ವರ್ಸ್ಟ್ ಎಂಬ ಚಾಂಪಿಯನ್ನನೊಡನೆ ಪ್ರಶಸ್ತಿಗಾಗಿ ಆಡಿ ಸೋತಳು. ಅನಂತರ ಜನರ ಕಣ್ಣಿಗೆ ಬೀಳದಂತೆ ಬದುಕಿದಳು. 1976ರಲ್ಲಿ ಒಮ್ಮೆ ಸ್ಯಾನ್ ಫ್ರಾನ್ಸಿಸ್ಕೋದ ಆಟದ ಮನೆಯೊಂದಕ್ಕೆ ಬಂದು, ಕ್ಯೂ ಕೈಗೆತ್ತಿಕೊಂಡು, ಕುಶನ್ನಿನ ಕಟ್ಟಳೆಯಿಲ್ಲದ ಸರಳ ಆಟದಲ್ಲಿ ಒಂದೇ ಸರದಿಯಲ್ಲಿ ನೂರು ಅಂಕ ಹೊಡೆದು ಹೊರಟುಹೋದಳಂತೆ. ಕೊನೆಗೆ ತವರಿಗೆ ಮರಳಿ 1995ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು.

ಸೋಲನ್ನು ತಾಳಿಕೊಳ್ಳುವ ವಿದ್ಯೆ ಗೆದ್ದವರಿಗೂ ಬೇಕು. ಬೆಲ್ಜಿಯಮ್ ದೇಶದ ರೇಮಂಡ್ ಸೂಲೆಮನ್ಸ್ 1963ರಿಂದ 1973ರವರೆಗೆ ಸತತವಾಗಿ ಹನ್ನೊಂದು ವರ್ಷ ವಿಶ್ವ ಚಾಂಪಿಯನ್ ಆಗಿದ್ದ. ಹನ್ನೆರಡನೆಯ ವರ್ಷ ಜಪಾನಿನ ನೊಬುಅಕಿ ಕೊಬಯಾಷಿ ಆ ಸ್ಥಾನವನ್ನು ಕಿತ್ತುಕೊಂಡ. ಹನ್ನೊಂದು ವರ್ಷದ ಸಿಂಹಾಸನದಿಂದ ಇಳಿದವನು ಮನೆಯ ಕದ ಹಾಕಿಕೊಂಡಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಆತ ಮುಂದಿನ ವರ್ಷವೇ ಮರಳಿ ಬಂದು ಗೆದ್ದ. ಆಮೇಲೆಯೂ ಎಷ್ಟೋ ಬಾರಿ ಗೆದ್ದ, ಎಷ್ಟೋ ಬಾರಿ ಸೋತ. 2001ರಲ್ಲಿ, ಮಕ್ಕಳ ವಯಸ್ಸಿನವರು ಅಗ್ರಸ್ಥಾನಗಳಲ್ಲಿದ್ದ ಕಾಲದಲ್ಲಿ, ಮತ್ತೊಮ್ಮೆ ವಿಶ್ವ ಚಾಂಪಿಯನ್ ಆದ. ಅಂದು ಆತನಿಗೂ 64 ವರ್ಷ.

ಇಂಥವರ ಆಟವನ್ನು ಹೊಗಳುವವರು ಅವರ ಕೈಯನ್ನು ಹೊಗಳುತ್ತಾರೆ, ಕಣ್ಣನ್ನು ಹೊಗಳುತ್ತಾರೆ. ಕುರ್ಚಿಯನ್ನು ಯಾರೂ ಹೊಗಳುವುದಿಲ್ಲ. ಪಂದ್ಯದ ಮೇಜಿನ ಬಳಿ ಆಟಗಾರರಿಬ್ಬರಿಗೂ ಒಂದೊಂದು ಕುರ್ಚಿ ಇರುತ್ತದೆ. ಎದುರಾಳಿ ಆಡುವಷ್ಟು ಹೊತ್ತೂ ಅದರಲ್ಲಿ ಕುಳಿತಿರಬೇಕು. ಟೆನಿಸ್ಸಿನಲ್ಲಿ ಬಂದ ಚೆಂಡನ್ನು ಹಿಂದಿರುಗಿಸಬಹುದು. ಚದುರಂಗದಲ್ಲಿ ಮುಂದಿನ ನಡೆಯನ್ನು ಎದುರಾಳಿಯ ಸಮಯದಲ್ಲಿಯೇ ಯೋಚಿಸಬಹುದು. ಇಲ್ಲಿ ಅದೂ ಆಗದು. ಮೇಜಿನ ಮೇಲೆ ಚೆಂಡುಗಳು ಎಲ್ಲಿ ನಿಲ್ಲುವುವೆಂದು ಯಾರಿಗೆ ಗೊತ್ತು? ಅಂಕದ ಮೇಲೆ ಅಂಕ ಏರುತ್ತಿರುವುದನ್ನು ನೋಡುತ್ತ, ಮುಖ ಕೆಡಿಸಿಕೊಳ್ಳದೆ, ಕ್ಯೂ ಹಿಡಿದು ಕುಳಿತಿರುವುದೊಂದೇ ಕೆಲಸ. ಪರೀಕ್ಷೆಯ ಕೊಠಡಿಯ ಹೊರಗೆ ಮರದ ನೆರಳಲ್ಲಿ ನಿಂತ ತಂದೆಗೆ, ಹೆರಿಗೆಯ ಕೋಣೆಯ ಬಾಗಿಲಲ್ಲಿ ಕುಳಿತ ತಾಯಿಗೆ ಆ ಕುರ್ಚಿಯ ಪರಿಚಯವುಂಟು. ತಮ್ಮದೆಲ್ಲವೂ ಪಣಕ್ಕಿದ್ದರೂ ತಮ್ಮ ಕೈಯಲ್ಲಿ ಏನೂ ಇಲ್ಲದ ಹೊತ್ತು ಅದು.

ಈ ಕುರ್ಚಿಯ ಮೇಲೆ ಕುಳಿತವನಿಗಾಗಿ ಈ ಆಟದ ಸಾಂಪ್ರದಾಯಿಕ ನಿಯಮದಲ್ಲಿ ಒಂದು ದಾಕ್ಷಿಣ್ಯವನ್ನು ಬರೆದಿಟ್ಟಿದ್ದಾರೆ. ಆ ನಿಯಮದಂತೆ ಆಡುವಲ್ಲಿ, ಮೊದಲು ಆಟ ಆರಂಭಿಸಿದವನು ನಿಗದಿಯಾದ ಅಂಕಗಳನ್ನು ಮುಟ್ಟಿದ ಕೂಡಲೇ ಪಂದ್ಯ ಮುಗಿಯುವುದಿಲ್ಲ. ಇಬ್ಬರಿಗೂ ಸರದಿಗಳು ಸಮನಾಗಬೇಕೆಂಬ ನ್ಯಾಯದಿಂದ ಎದುರಾಳಿಗೆ ಕೊನೆಯದೊಂದು ಸರದಿಯನ್ನು ಕೊಡುತ್ತಾರೆ. ಆತನಿಗೆ ಹದಿನೈದು ಅಂಕ ಉಳಿದಿರಬಹುದು. ಚೆಂಡುಗಳನ್ನು ಆರಂಭದ ಸ್ಥಾನದಲ್ಲಿಟ್ಟು ಆತನನ್ನು ಕರೆಯುತ್ತಾರೆ. ಹದಿನೈದನ್ನೂ ಹೊಡೆದರೆ ಪಂದ್ಯ ಸಮವಾಗುತ್ತದೆ. ಬಹುತೇಕ ಅದು ಸಾಧ್ಯವಾಗುವುದಿಲ್ಲ, ಒಮ್ಮೊಮ್ಮೆ ಸಾಧ್ಯವಾಗಿಬಿಡುತ್ತದೆ.

ಆಗ ಗೆದ್ದೆನೆಂದುಕೊಂಡವನು ಮಾಡುವುದೇನು? ಚಪ್ಪಾಳೆಗೆ ತಲೆಬಾಗಿ, ಹಣೆಯ ಬೆವರೊರಸಿಕೊಂಡು, ಮರಳಿ ತನ್ನ ಕುರ್ಚಿಗೆ ಹೋಗಿ ಕುಳಿತುಕೊಳ್ಳುತ್ತಾನೆ. ಸಭೆ ಮೌನವಾಗುತ್ತದೆ. ಇನ್ನೊಬ್ಬನು ಎದ್ದು, ಕ್ಯೂವಿನ ತುದಿಗೆ ಸೀಮೆಸುಣ್ಣ ಉಜ್ಜಿಕೊಂಡು, ಮೇಜಿನತ್ತ ನಡೆಯುತ್ತಾನೆ.