ಸಂಕದಾಚೆಯ ಮೇಷ್ಟ್ರು

ಮಲೆನಾಡಿನ ಶಾಲೆಗೆ ಹೊಸದಾಗಿ ಬಂದ ಮೇಷ್ಟ್ರು ಯಾಕೆ ನಿಲ್ಲುವುದಿಲ್ಲ ಎಂದು ಕೇಳಿ ನೋಡಿ. ಕೊಪ್ಪದ ಬಸ್‌ಸ್ಟ್ಯಾಂಡಿನಿಂದ ಶೃಂಗೇರಿಯ ಹೋಟೆಲಿನವರೆಗೆ ಎಲ್ಲರದೂ ಒಂದೇ ಉತ್ತರ: ಮಳೆ ಮತ್ತು ಇಂಬಳ. ಈ ಸೀಮೆಯವನೇ ಆದ ನನಗೆ ಆ ಉತ್ತರದಲ್ಲಿ ನಮ್ಮ ಜಂಬವೂ ಒಂದಿಷ್ಟು ಕಾಣಿಸುತ್ತದೆ. ನಮ್ಮ ಮಳೆ ತಡೆಯಲು ನಮ್ಮಂಥವರೇ ಬೇಕು ಎಂಬ ಜಂಬ. ಮಳೆಯೇನೂ ಸುಳ್ಳಲ್ಲ. ಒಂದೇ ಚಿಕ್ಕಮಗಳೂರು ಜಿಲ್ಲೆಯೊಳಗೆ ಕಡೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಬಿದ್ದರೆ ಶೃಂಗೇರಿಯಲ್ಲಿ 3,500ನ್ನೂ ದಾಟುತ್ತದೆ. ಬೇಸಗೆ ರಜೆ ಮುಗಿದು ಶಾಲೆ ತೆರೆಯುವುದೂ ಮುಂಗಾರು ಇಳಿಯುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಬಾಗಲಕೋಟೆಯಿಂದಲೋ ಗದಗದಿಂದಲೋ ಜೋಳದ ಹಿಟ್ಟು ಕಟ್ಟಿಕೊಂಡು ಬಂದವರಿಗೆ ಮೃಗಶಿರಾ ಮಳೆ ಮುಗಿಯುವಷ್ಟರಲ್ಲಿ ಹಿಟ್ಟು ಗಂಟಾಗುತ್ತದೆ, ಹಾಜರಿ ಪುಸ್ತಕ ಉಬ್ಬುತ್ತದೆ, ತೇವ ಹಿಡಿದ ಸೀಮೆಸುಣ್ಣ ಬೋರ್ಡಿನ ಮೇಲೆ ಮೂಡದೆ ಜಾರುತ್ತದೆ. ಒಗೆದ ಅಂಗಿ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಒಣಗಿ, ಹೊಗೆಯ ವಾಸನೆ ಸಮೇತ ಮೈಗೇರುತ್ತದೆ. ಆದರೆ ಇದೆಲ್ಲ ಒಂದು ಮಳೆಗಾಲದ ಪಾಠ. ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು, ಇಲ್ಲವೆ ಉಪ್ಪು ಎಂದು ಮಕ್ಕಳೇ ಕಲಿಸಿಕೊಡುತ್ತಾರೆ. ದೊಡ್ಡ ಪುಷ್ಯ, ಚಿಕ್ಕ ಪುಷ್ಯ ಕಳೆದು ಆಶ್ಲೇಷಾ ಹಿಡಿಯುವ ಹೊತ್ತಿಗೆ ಮೇಷ್ಟ್ರಿಗೂ ಮಳೆಯನ್ನು ನಮ್ಮಷ್ಟೇ ಚೆನ್ನಾಗಿ ಬೈಯುವುದು ಬಂದಿರುತ್ತದೆ.

ಮಳೆಯೇ ಕಾರಣವಾಗಿದ್ದರೆ ನರಸಿಂಹರಾಜಪುರ ತಾಲ್ಲೂಕಿಗೆ ಬಂದವರಾದರೂ ಹಾಯಾಗಿ ಇರಬೇಕಿತ್ತು. ಅಲ್ಲಿ ಶೃಂಗೇರಿಯ ಅರ್ಧದಷ್ಟು ಮಳೆ ಬಿದ್ದರೆ ಹೆಚ್ಚು. ಆದರೂ ಅಲ್ಲಿಗೆ ಬಂದವರು ವರ್ಗಾವಣೆಯ ದಾರಿ ಕಾಯುವುದೇನೂ ಕಮ್ಮಿಯಿಲ್ಲ. ನನ್ನ ಲೆಕ್ಕದಲ್ಲಿ ತೊಡಕಿರುವುದು ಆಕಾಶದಲ್ಲಲ್ಲ, ನಾವು ಮನೆ ಕಟ್ಟಿಕೊಂಡಿರುವ ರೀತಿಯಲ್ಲಿ. ಬಯಲುಸೀಮೆಯ ಹಳ್ಳಿಯಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿರುತ್ತವೆ. ಕಟ್ಟೆ, ಗುಡಿ, ಚಹಾದಂಗಡಿ ಎಲ್ಲವೂ ಕೂಗಳತೆಯಲ್ಲಿ. ನಮ್ಮಲ್ಲಿ ಒಂದು ಕಣಿವೆಗೆ ಒಂದು ಮನೆ, ಅದಕ್ಕೊಂದು ಅಡಿಕೆ ತೋಟ. ಮುಂದಿನ ಮನೆ ಗುಡ್ಡದ ಆಚೆ. ಶಾಲೆಯನ್ನು ಯಾರಿಗೂ ಅನ್ಯಾಯವಾಗದಂತೆ ನಡುವೆ ಕಟ್ಟಿರುತ್ತೇವೆ, ಅಂದರೆ ಎಲ್ಲರಿಗೂ ದೂರದಲ್ಲಿ. ಮಕ್ಕಳು ಮನೆಗೆ ಹೊರಟ ಮೇಲೆ ಮೇಷ್ಟ್ರ ಜೊತೆ ಉಳಿಯುವುದು ಜೀರುಂಡೆ ಮಾತ್ರ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಹಿನ್ನೀರಿನ ನಡುವೆ ಕೆಲವು ಗುಡ್ಡದ ನೆತ್ತಿಗಳು ನಿಜವಾಗಿಯೂ ದ್ವೀಪಗಳಾದವು. ಶಾಲೆ ದ್ವೀಪವಾಗಲು ಅಷ್ಟೆಲ್ಲ ನೀರು ಬೇಡ, ಒಂದು ಹಳ್ಳ ಸಾಕು. ಹಳ್ಳಕ್ಕೆ ಅಡ್ಡವಾಗಿ ಎರಡು ಮೂರು ಅಡಿಕೆ ಮರ ಹಾಕಿ, ಒಂದು ಬದಿಗೆ ಬಿದಿರಿನ ಕೈತಾಂಗು ಕಟ್ಟಿದರೆ ಕಾಲುಸಂಕ. ಜುಲೈನಲ್ಲಿ ಅದರ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಹಳ್ಳದ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಬೆರಳೂರಿ ದಾಟುತ್ತಾರೆ, ಹೊಸ ಮೇಷ್ಟ್ರು ಬೂಟು ಹಾಕಿಕೊಂಡು ಈಚೆ ದಡದಲ್ಲೇ ನಿಂತಿರುತ್ತಾರೆ. ‘ಶಾಲಾ ಸಂಪರ್ಕ ಸೇತು’ ಎಂಬ ಹೆಸರಿನಲ್ಲಿ ಸರ್ಕಾರ ಕಾಂಕ್ರೀಟ್ ಕಿರುಸೇತುವೆಗಳನ್ನು ಕಟ್ಟಿಸತೊಡಗಿದ್ದು ಒಳ್ಳೆಯ ಕೆಲಸ. ಆದರೆ ಮೇಷ್ಟ್ರು ದಿನವೂ ಹಳ್ಳ ದಾಟಿ ಬರಬೇಕೇ ಎಂಬುದು ಬೇರೆಯೇ ಪ್ರಶ್ನೆ.

ಹಿಂದೆ ಅವರು ದಾಟುತ್ತಿರಲಿಲ್ಲ, ಆಚೆಯೇ ಇರುತ್ತಿದ್ದರು. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಮೊದಲ ಅಕ್ಷರ ಕಲಿತದ್ದು ಕುಪ್ಪಳಿಯ ಮನೆಯಲ್ಲೇ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ ಕರೆಸಿಕೊಂಡ ಐಗಳಿಂದ. ಆ ಐಗಳೂ ಹೊರಗಿನವರೇ. ಅಂಥವರಿಗೆ ಸಂಬಳ ಅಷ್ಟಕ್ಕಷ್ಟೇ, ಆದರೆ ಮಲಗಲು ಜಾಗ, ಹಂಡೆಯಲ್ಲಿ ಬಿಸಿನೀರು, ಜ್ವರ ಬಂದರೆ ಗಂಜಿ ಕಾಸಿಕೊಡುವ ಒಂದು ಮನೆ ಇರುತ್ತಿತ್ತು. ಇದನ್ನು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು: ಆ ಮನೆಯ ಜಗಲಿ ಎಲ್ಲ ಜಾತಿಯವರಿಗೂ ತೆರೆದಿತ್ತೇ? ಒಡೆಯರ ಅನ್ನ ಉಂಡವನು, ಕೂಲಿಯವನ ಮಗನನ್ನೂ ಪಾಠಕ್ಕೆ ಕಳಿಸಿ ಎಂದು ಒಡೆಯರಿಗೆ ಹೇಳಲು ಸಾಧ್ಯವಿತ್ತೇ? ಇಲ್ಲ. ಸರ್ಕಾರಿ ಸಂಬಳ ಬಂದದ್ದರಿಂದಲೇ ಮೇಷ್ಟ್ರು ಯಾರ ಹಂಗೂ ಇಲ್ಲದವರಾದರು, ದಲಿತರ ಮಗಳು ಟೀಚರ್ ಆಗಿ ಅದೇ ಒಡೆಯರ ಮೊಮ್ಮಗನಿಗೆ ಮಗ್ಗಿ ಹೇಳಿಕೊಡುವಂತಾಯಿತು. ಆ ಗಳಿಕೆಯನ್ನು ಬಿಟ್ಟುಕೊಡುವ ಮಾತೇ ಇಲ್ಲ. ಹಂಗು ಹೋದದ್ದು ಒಳ್ಳೆಯದಾಯಿತು, ಅದರ ಜೊತೆ ಸೂರೂ ಹೋಯಿತು ಎಂಬುದಷ್ಟೇ ನನ್ನ ತಕರಾರು.

ಸೂರಿದ್ದರೆ ಜನ ನಿಲ್ಲುತ್ತಾರೆ ಎಂಬುದಕ್ಕೆ ಸಾಕ್ಷಿಗೆ ದೂರ ಹೋಗಬೇಕಿಲ್ಲ. ಶೃಂಗೇರಿ ಮಠದ ಶತಮಾನ ದಾಟಿದ ಪಾಠಶಾಲೆಗೆ ಒಣ ಸೀಮೆಗಳಿಂದಲೂ ಬಂದವರು ಇದೇ ತುಂಗೆಯ ದಡದಲ್ಲಿ, ಇದೇ ಮಳೆಯಲ್ಲಿ ವರ್ಷಗಟ್ಟಲೆ ಇದ್ದಾರೆ. ಅಲ್ಲಿ ಊಟ, ವಸತಿ ಉಂಟು. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾಗಿ ಶುರುವಾದ ಕಾಫಿ ಪ್ರಯೋಗ ಕೇಂದ್ರ 1925ರಲ್ಲಿ ಬಾಳೆಹೊನ್ನೂರಿನ ಬಳಿ ನೆಲೆಯೂರಿತು. ಕಾಫಿ ಗಿಡದ ಕಾಂಡಕೊರಕದ ಬೆನ್ನು ಹತ್ತಿದ ವಿಜ್ಞಾನಿಗೆ ಅಲ್ಲಿ ವಸತಿಗೃಹವಿದೆ. ಪಕ್ಕದ ಗುಡ್ಡದಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸುವವರಿಗೆ ಮಾತ್ರ ಅದು ಯಾಕೆ ಬೇಡವೋ ನನಗೆ ಅರ್ಥವಾಗಿಲ್ಲ.

ಈಗ ಬೈಕಿದೆ, ಮೊಬೈಲಿದೆ, ಪೇಟೆಯಲ್ಲಿ ರೂಮು ಮಾಡಿಕೊಂಡು ಓಡಾಡಿದರೆ ಆಯಿತಲ್ಲ ಎನ್ನುವವರಿದ್ದಾರೆ. ಓಡಾಡಬಹುದು, ಜನವರಿಯಲ್ಲಿ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟು ಹೋದ ಬೆನ್ನಿಗೆ ನೆಟ್‌ವರ್ಕೂ ಹೋಗುತ್ತದೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಸುದ್ದಿ ಕೆಲವೊಮ್ಮೆ ಮಕ್ಕಳು ನೆನೆದುಕೊಂಡು ಶಾಲೆ ಮುಟ್ಟಿದ ಮೇಲೆ ಮುಟ್ಟುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪೇಟೆಯಲ್ಲಿ ಮಲಗುವ ಮೇಷ್ಟ್ರಿಗೆ ಊರು ಬೆಳಗಿನ ಹತ್ತರಿಂದ ಸಂಜೆ ನಾಲ್ಕೂವರೆವರೆಗೆ ಮಾತ್ರ ಇರುತ್ತದೆ. ವರ್ಗಾವಣೆಯ ನಿಯಮಗಳಲ್ಲಿ ಶಾಲೆಗಳನ್ನು ಎ, ಬಿ, ಸಿ ಎಂದು ವಲಯ ಮಾಡಿ, ದೂರದ ಸಿ ವಲಯದಲ್ಲಿ ದುಡಿದವರಿಗೆ ಅನುಕೂಲ ಇಟ್ಟಿದ್ದಾರೆ. ನ್ಯಾಯವೇ. ಆದರೆ ಅದು ಹೊರಟು ಹೋಗುವುದಕ್ಕೆ ಕೊಟ್ಟ ಬಹುಮಾನ, ಇರುವುದಕ್ಕೆ ಕೊಟ್ಟದ್ದಲ್ಲ. ಜೈಲಿನ ಕೈದಿಯ ಹಾಗೆ ವರ್ಷ ಎಣಿಸುವವರಿಂದ ಪಾಠ ಎಷ್ಟು ನಡೆದೀತು?

ಹತ್ತು ಮಕ್ಕಳೂ ಇಲ್ಲದ ಶಾಲೆಗೆ ಮನೆ ಬೇರೆ ಕಟ್ಟಬೇಕೇ, ದೊಡ್ಡ ಶಾಲೆಗೆ ಸೇರಿಸಿಬಿಡಿ ಎಂಬ ವಾದವೂ ಇದೆ. ವ್ಯಾನು ಮನೆ ಬಾಗಿಲಿಗೆ ಬರುವ ಕಡೆ ಸೇರಿಸಲಿ. ಬಾರದ ಕಡೆ ಆರು ವರ್ಷದ ಮಗು ಹಳ್ಳ ದಾಟುವುದಕ್ಕಿಂತ ಒಬ್ಬ ಮೇಷ್ಟ್ರು ಆಚೆಯೇ ಉಳಿಯುವುದು ಅಗ್ಗ.

ಇಲಾಖೆ ಕಟ್ಟಿಸುವವರೆಗೆ ಕಾಯಬೇಕಾಗಿಯೂ ಇಲ್ಲ. ಮಕ್ಕಳೆಲ್ಲ ಬೆಂಗಳೂರು ಸೇರಿ, ಗಂಡ ಹೆಂಡತಿ ಇಬ್ಬರೇ ಉಳಿದ ದೊಡ್ಡ ಮನೆಗಳು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿವೆ. ಉಪ್ಪರಿಗೆಗೆ ಬೀಗ ಹಾಕಿ, ಮಳೆಗಾಲ ಕಳೆದ ಮೇಲೆ ಮುಗ್ಗು ಒರೆಸುವುದೇ ಅಲ್ಲಿ ಒಂದು ಕೆಲಸ. ಅಂಥ ಮನೆಯವರಲ್ಲಿ ನನ್ನದೊಂದು ಕೇಳಿಕೆ. ಈ ಜೂನ್‌ನಲ್ಲಿ ನಿಮ್ಮೂರ ಶಾಲೆಗೆ ಹೊಸಬರು ಬಂದರೆ ಒಂದು ಕೋಣೆಯನ್ನು ಬಾಡಿಗೆಗೆ ಕೊಡಿ. ಬಾಡಿಗೆಯನ್ನು ತಪ್ಪದೆ ತೆಗೆದುಕೊಳ್ಳಿ, ಜಾತಿಯನ್ನು ಮಾತ್ರ ಕೇಳಬೇಡಿ.