ಕೊಳೆರೋಗಕ್ಕೆ ಎಷ್ಟು ಹೆಸರು?

ಆಟಿಯ ಮಳೆಯಲ್ಲಿ ಕೊಳೆರೋಗದ ಮಾತು ಬಾರದ ಅಡಿಕೆ ತೋಟ ನಮ್ಮ ಕಾಸರಗೋಡು ಸೀಮೆಯಲ್ಲಿ ಇರಲಾರದು. ನಿವೃತ್ತನಾದ ಬಳಿಕ ಪಿತ್ರಾರ್ಜಿತವಾದ ಚಿಕ್ಕ ತೋಟವೊಂದನ್ನು ನೋಡಿಕೊಂಡಿರುವ ನನಗೆ, ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವು ಅಡಿಕೆ ಕೃಷಿಕರ ಕೈಗೆ ಬಂದ ಬಗೆಯನ್ನು ಶಾಲಾ ಮಕ್ಕಳಿಗೆ ತಿಳಿಯುವಂತೆ ಬರೆಯಬೇಕೆಂಬ ಆಸೆ ಹುಟ್ಟಿತು. ಆಧಾರಗಳನ್ನು ಅರಸಿ, ವಿಜ್ಞಾನ ಸಂಶೋಧನಾ ಗ್ರಂಥಾಲಯವೊಂದರಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯ ಬಳಿಗೆ ಹೋದೆ. ಪ್ರತಿಯೊಂದು ಗ್ರಂಥದ, ಲೇಖನದ, ವರದಿಯ ಕರ್ತೃ, ಶೀರ್ಷಿಕೆ, ವರ್ಷ, ಪ್ರಕಟಣ ಸ್ಥಳ, ವಿಷಯ ಇವುಗಳನ್ನು ಗಣಕಯಂತ್ರದಲ್ಲಿ ದಾಖಲಿಸಿ, ಕಾಲಕಾಲಕ್ಕೆ ತಿದ್ದಿ ಕಾಪಾಡುವುದು ಆಕೆಯ ಕೆಲಸ.

ಕೊಳೆರೋಗ ಎಂಬ ನಮ್ಮ ಪದವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ ಹುಡುಕಲು ಹೇಳಿದೆ. ಬಂದವುಗಳಲ್ಲಿ ಅನೇಕ ಲೇಖನಗಳು ಕಾಫಿಯವು! ನನ್ನ ಬೆರಗನ್ನು ಕಂಡು ಆಕೆ ನಕ್ಕಳು. ಕಾಫಿ ಎಲೆಯನ್ನು ಕಪ್ಪಾಗಿಸಿ ಕೊಳೆಯಿಸುವ ಶಿಲೀಂಧ್ರಕ್ಕೆ ಕುಕ್ ಎಂಬ ಆಂಗ್ಲ ವಿಜ್ಞಾನಿ 1876ರಲ್ಲಿ 'ಪೆಲಿಕ್ಯುಲೇರಿಯ ಕೊಳೆರೋಗ' ಎಂದು ನಾಮಕರಣ ಮಾಡಿದ್ದನಂತೆ. 1958ರಲ್ಲಿ ಡಾಂಕ್ ಎಂಬಾತ 'ಕೊಳೆರೋಗ' ಎಂಬುದನ್ನೇ ಒಂದು ಶಿಲೀಂಧ್ರ ಕುಲದ ಹೆಸರಾಗಿಸಿದ. ಕನ್ನಡದ ಪದವೊಂದು ವಿಜ್ಞಾನದ ಲ್ಯಾಟಿನ್ ಪಂಕ್ತಿಯಲ್ಲಿ ಕುಳಿತಿರುವುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಅಡಿಕೆಯ ಕೊಳೆರೋಗ ಬೇರೆಯೇ ಜೀವಿಯಿಂದ ಬರುವಂಥದು.

ನಮಗೆ ಬೇಕಾದುದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರ ಕೃತಿ. ಅಡಿಕೆಯ ಕೊಳೆರೋಗವನ್ನು ಶಾಸ್ತ್ರೀಯವಾಗಿ ಅಭ್ಯಸಿಸಿ, ಬೋರ್ಡೋ ದ್ರಾವಣದ ಸಿಂಪರಣೆಯನ್ನು ಬಳಕೆಗೆ ತಂದ ಆ ಕೆನಡಾ ದೇಶದ ವಿಜ್ಞಾನಿಯ ವರದಿ ಪ್ರಕಟವಾದದ್ದು 1910ರಲ್ಲಿ. ರೋಗಕಾರಕಕ್ಕೆ ಅವರು ಕೊಟ್ಟ ಹೆಸರು 'ಫೈಟಾಫ್ಥೊರಾ ಆಮ್ನಿವೋರ', ಪ್ರಭೇದ 'ಅರೆಕೆ'. ಮೂರೇ ವರ್ಷಗಳಲ್ಲಿ ಪೆಥಿಬ್ರಿಜ್ ಅದನ್ನು 'ಫೈಟಾಫ್ಥೊರಾ ಅರೆಕೆ' ಎಂದು ಸ್ವತಂತ್ರ ಜಾತಿಯಾಗಿಸಿದರು. ಈಚಿನ ಲೇಖನಗಳಲ್ಲಿ ಹೆಚ್ಚಾಗಿ ಕಾಣುವುದು 'ಫೈಟಾಫ್ಥೊರಾ ಮೀಡಿಯೈ'. ಇದರ ಜೊತೆಗೆ ಮಲಯಾಳದವರು ಈ ರೋಗವನ್ನು 'ಮಹಾಳಿ' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು 'ಕಾಯಿಕೊಳೆ' ಎಂಬರ್ಥದ ಪದವನ್ನು ಬಳಸುತ್ತಾರೆ. "ಮಾಷ್ಟ್ರೇ, ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸದಿದ್ದರೆ ಕೋಲ್ಮನ್ ಬರೆದದ್ದು ಮಹಾಳಿ ಎಂದು ಹುಡುಕುವವನಿಗೆ ಸಿಕ್ಕುವುದೇ ಇಲ್ಲ" ಎಂದಳು. ಒಂದು ಹೆಸರನ್ನು ಪ್ರಧಾನವಾಗಿರಿಸಿ, ಉಳಿದವುಗಳ ಎದುರು 'ಅದನ್ನು ನೋಡಿ' ಎಂಬ ಸೂಚನೆ ಕೊಡುವುದೇ ಆ ದಾರ. ಯಾರ ಕಣ್ಣಿಗೂ ಬೀಳದ ಕೆಲಸ. ಹಾಜರಿ ಪುಸ್ತಕವನ್ನು ಸರಿಯಾಗಿಡುವ ಗುಮಾಸ್ತನನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಯಾರು ತಾನೇ ಸನ್ಮಾನಿಸುತ್ತಾರೆ?

ಮನುಷ್ಯರ ಹೆಸರುಗಳದ್ದು ಇನ್ನೊಂದು ಫಜೀತಿ. ವಿದೇಶೀ ಪದ್ಧತಿಯಂತೆ ಕೊನೆಯ ಹೆಸರನ್ನು ಮುಂದಿಟ್ಟರೆ ನಮ್ಮ ಕಡೆಯ ಭಟ್ಟರು, ರಾಯರು, ಶೆಟ್ಟರೆಲ್ಲ ಒಂದೇ ರಾಶಿಯಾಗುತ್ತಾರೆ. ಯಾವ ಶಂಕರ ಭಟ್ಟರು ತೆಂಗಿನ ಬಗ್ಗೆ ಬರೆದರು, ಯಾರು ಯಕ್ಷಗಾನದ ಬಗ್ಗೆ ಬರೆದರು ಎಂಬುದು ತಿಳಿಯದು. ಗ್ರಂಥಾಲಯ ಶಾಸ್ತ್ರದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರ ಹೆಸರಿನಲ್ಲಿಯೇ ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ಮಾತ್ರವೇ ಅವರು. ದಕ್ಷಿಣದ ಈ ಕ್ರಮವನ್ನು ಅರಿಯದವನು ಊರನ್ನೋ ತಂದೆಯನ್ನೋ ಲೇಖಕನನ್ನಾಗಿ ಮಾಡಿಯಾನು. ಈಗ ಸಂಶೋಧಕರಿಗೆ 'ಆರ್ಕಿಡ್' ಎಂಬ 16 ಅಂಕೆಗಳ ಗುರುತಿನ ಸಂಖ್ಯೆಯನ್ನು ಕೊಡುವ ಏರ್ಪಾಡು 2012ರಿಂದ ಇದೆ. ತೀರಿಹೋದ ಹಿರಿಯರಿಗೆ ಆ ಭಾಗ್ಯ ಎಲ್ಲಿ ಬರಬೇಕು? ಅವರನ್ನು ಗ್ರಂಥಪಾಲಕರೇ ಬೇರ್ಪಡಿಸಿ ಕಾಯಬೇಕು.

ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕಿದ್ದು ಸ್ಥಳನಾಮಗಳ ಸಂಗತಿ. ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ 1916ರಲ್ಲಿ ಆರಂಭವಾದಾಗ ನಾವು ಮದರಾಸು ಪ್ರಾಂತದ ದಕ್ಷಿಣ ಕನ್ನಡದವರು. 1956ರಲ್ಲಿ ಕೇರಳಕ್ಕೆ ಸೇರಿದೆವು. 1957ರಿಂದ ಕಣ್ಣೂರು ಜಿಲ್ಲೆ. 1984ರಿಂದ ನಮ್ಮದೇ ಜಿಲ್ಲೆ. ಆ ಕೇಂದ್ರವೂ 1970ರಲ್ಲಿ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದೊಡನೆ ಸಿ.ಪಿ.ಸಿ.ಆರ್.ಐ. ಎಂಬ ಹೊಸ ಸಂಸ್ಥೆಯ ಅಂಗವಾಯಿತು. ತೆಂಗಿನ ಮರ ನಿಂತಲ್ಲೇ ನಿಂತಿದೆ, ವಿಳಾಸ ಮಾತ್ರ ಬದಲಾಗುತ್ತಲೇ ಬಂದಿದೆ. 1930ರ ದಶಕದ ಲೇಖನವೊಂದನ್ನು 'ಕೇರಳ' ಎಂದು ಹುಡುಕುವ ಇಂದಿನ ತರುಣನಿಗೆ ಅದು ದೊರೆಯಬೇಕಾದರೆ, ಈ ಇತಿಹಾಸ ಬಲ್ಲವರೊಬ್ಬರು ಹಳೆಯ ಹೆಸರನ್ನೂ ಹೊಸದನ್ನೂ ಒಂದಕ್ಕೊಂದು ಕಟ್ಟಿರಬೇಕು. ಗಡಿನಾಡಿನ ಕನ್ನಡಿಗನಲ್ಲದೆ ಇದನ್ನು ಮನಃಪೂರ್ವಕವಾಗಿ ಮಾಡುವವರು ಯಾರು?

ಕನ್ನಡ ಅಕ್ಷರಗಳಿಗೆ ಅಲ್ಲಿ ಎಡೆಯಿದೆಯೇ ಎಂದು ಕೇಳಿದೆ. 'ಮಾರ್ಕ್' ಎಂಬ ಜಾಗತಿಕ ದಾಖಲೆ ಕ್ರಮದಲ್ಲಿ ಪ್ರತಿ ವಿವರಕ್ಕೂ ಒಂದು ಸಂಖ್ಯೆ: ಕರ್ತೃವಿಗೆ 100, ಶೀರ್ಷಿಕೆಗೆ 245, ವಿಷಯಕ್ಕೆ 650. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, 880 ಎಂಬಲ್ಲಿ ಮೂಲ ಲಿಪಿಯಲ್ಲೂ ಕೊಡಬಹುದು. ಎಡೆಯೇನೋ ಇದೆ, ಬಿಡುವಿಲ್ಲದ ಕಡೆ ಅದು ಖಾಲಿ ಉಳಿಯುತ್ತದೆ.

ನಮ್ಮವರ ಮೇಲೂ ಒಂದು ದೂರು ಹೇಳಲೇಬೇಕು. ಊರಿನ ಸಂಘಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಉದ್ಘಾಟಕರ ಬಿರುದಾವಳಿ ಇದೆ, ಜಾಹೀರಾತು ಇದೆ, 'ಬರುವ ಭಾನುವಾರ' ಎಂದೂ ಇದೆ. ವರ್ಷ ಮಾತ್ರ ಇಲ್ಲ!

ಅಂದು ನಾನು ಜೊತೆಗೆ ಒಯ್ದಿದ್ದ, ತಂದೆಯವರ ಪೆಟ್ಟಿಗೆಯಲ್ಲಿ ಸಿಕ್ಕಿದ ಅಡಿಕೆ ಕೃಷಿಯ ಕನ್ನಡ ಕಿರುಪುಸ್ತಕಕ್ಕೂ ವರ್ಷವಿರಲಿಲ್ಲ. ಅವಳು ಅದನ್ನು ತಿರುವಿ ತಿರುವಿ ನೋಡಿದಳು. ಬೆಲೆ ನಾಲ್ಕಾಣೆ, ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್‌ನಲ್ಲಿ. ಮುದ್ರಣಾಲಯದ ವಿಳಾಸದಲ್ಲಿ 'ದ.ಕ. ಜಿಲ್ಲೆ, ಕಾಸರಗೋಡು ತಾಲೂಕು'. ಹಾಗಾಗಿ ವರ್ಷದ ಜಾಗದಲ್ಲಿ, ಆವರಣದೊಳಗೆ, '1956ಕ್ಕಿಂತ ಹಿಂದೆ?' ಎಂದು ಪ್ರಶ್ನಾರ್ಥಕ ಚಿಹ್ನೆ ಸಹಿತ ದಾಖಲಿಸಿದಳು. ವಿಷಯದ ಎದುರು ಕೊಳೆರೋಗ, ಮಹಾಳಿ ಎರಡನ್ನೂ ಸೇರಿಸಿದಳು. 880ರಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಬೆರಳಚ್ಚಿಸುವಾಗ ಒತ್ತಕ್ಷರವೊಂದು ಸರಿ ಬಂದಿದೆಯೇ ಎಂದು ನನ್ನನ್ನು ಕೇಳಿದಳು. ಸರಿಯಾಗಿಯೇ ಇತ್ತು.