ಸುಯ್ಯೆಂದು ಹೋದ ಒಂದು ಕೆಜಿ

ಹೋದ ಬೇಸಿಗೆಯಲ್ಲಿ ನಮ್ಮ ಬೆಂಗಳೂರಿನ ಮನೆಯ ಎಸಿ ಕೈಕೊಟ್ಟಿತು. ಕೆರೆಬಿಳಚಿಯ ಚಿಕ್ಕಪ್ಪನ ಮಗ ದಾವಣಗೆರೆಯಲ್ಲಿ ಫ್ರಿಜ್, ಎಸಿ ರಿಪೇರಿ ಮಾಡ್ತಾನೆ. ಹೇಗೂ ಮನೆಗೆ ಬಂದಿದ್ದ, ಅವನೇ ಬಿಚ್ಚಿ ನೋಡಿದ. ಕಂಪ್ರೆಸರ್ ಹೋಗಿತ್ತು. ಬಾಲ್ಕನಿಯಲ್ಲಿ ಕೂತು ಪೈಪ್ ಸಡಿಲಿಸಿದ. ಸುಯ್ ಅಂತ ಸದ್ದು.

"ಏನೋ ಅದು?"

"ಹಳೇ ಗ್ಯಾಸ್ ಅಣ್ಣ. ಹೊಸದು ತುಂಬ್ತೀನಲ್ಲ."

ಯೂನಿಟ್ಟಿನ ಮೇಲಿನ ಚೀಟಿ ನೋಡಿದೆ. ಆರ್-410ಎ, ಒಂದು ಕೆಜಿ. ಓಝೋನ್ ಪದರಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ನೂರು ವರ್ಷದ ಲೆಕ್ಕದಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 2,088 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಅಂದರೆ ಸುಮಾರು 900 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಬೈಕಲ್ಲಿ ಊರಿಗೆ ಹೋಗಿಬರಲು ನನಗೆ ಹನ್ನೆರಡು ಲೀಟರ್ ಬೇಕು. ಎಪ್ಪತ್ತೈದು ಸಲ ಹೋಗಿಬಂದಷ್ಟು ಹೊಗೆ, ಎರಡು ನಿಮಿಷದಲ್ಲಿ!

ಯುರೋಪಿನಲ್ಲಿ ಸರ್ಟಿಫಿಕೇಟ್ ಇಲ್ಲದವರು ಈ ಗ್ಯಾಸಿನ ಕೆಲಸ ಮಾಡುವಂತಿಲ್ಲ. ಬೇಕಂತಲೇ ಗಾಳಿಗೆ ಬಿಟ್ಟರೆ ಅಪರಾಧ. ಮೆಷಿನ್ನಿನಿಂದ ಎಳೆದು ಸಿಲಿಂಡರಿಗೆ ತುಂಬಬೇಕು. ನಮ್ಮ ದೇಶವೂ 2021ರಲ್ಲಿ ಕಿಗಾಲಿ ಒಪ್ಪಂದಕ್ಕೆ ಒಪ್ಪಿದೆ. 2032ರಿಂದ ಈ ಗ್ಯಾಸುಗಳ ಬಳಕೆ ಇಳಿಸುತ್ತಾ 2047ಕ್ಕೆ 85% ಕಡಿಮೆ ಮಾಡಬೇಕು. ಮೆಕ್ಯಾನಿಕ್‌ಗಳಿಗೆ ಸರ್ಕಾರದ ತರಬೇತಿ, ಪ್ರಮಾಣಪತ್ರ ಎಲ್ಲಾ ಇವೆ. ಆದರೆ ಮನೆಗೆ ಬಂದವನ ಹತ್ತಿರ ಅದನ್ನು ಕೇಳಿದವರನ್ನು ನಾನಂತೂ ನೋಡಿಲ್ಲ. ನಾನೂ ಕೇಳಿದವನಲ್ಲ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಸ್ಪ್ಯಾನರ್ ಕೆಳಗಿಟ್ಟ.

"ಅಣ್ಣ, ಟ್ರೈನಿಂಗಿಗೆ ಹೋದ್ರೆ ಸೀಸನ್ನಲ್ಲಿ ನನ್ ಕೂಲಿ ಯಾರ್ ಕೊಡ್ತಾರೆ? ಮೆಷಿನ್ ತಂದು ರೇಟ್ ಜಾಸ್ತಿ ಹೇಳಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ಹಿಡಿದ ಗ್ಯಾಸ್ ಎಲ್ಲಿಗೆ ಕೊಡ್ಲಿ? ನೀನೇ ಬೆಳಿಗ್ಗೆ ಐನೂರು ಕಡಿಮೆ ಮಾಡು ಅಂದ್ಯಲ್ಲ."

ನನ್ನ ಬಾಯಿ ಕಟ್ಟಿತು. ತಮ್ಮ ಅಂತ ಚೌಕಾಸಿ ಮಾಡಿದ್ದು ನಾನೇ.

ಆಫೀಸಿನಲ್ಲಿ ಇನ್ನೊಬ್ಬರು ನೋಡದೆ ನನ್ನ ಒಂದು ಸಾಲು ಕೋಡೂ ಮುಂದೆ ಹೋಗಲ್ಲ. ಆ ತಪಾಸಣೆಗೆ ಸಂಬಳ ಕೊಟ್ಟು ಜನ ಇಟ್ಟಿದ್ದಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯಲ್ಲೇ ಕೆಲಸ ಕಲಿತ ಹುಡುಗನಿಗೆ ಮಾತ್ರ ನಾಳೆಯಿಂದ ಸರ್ಟಿಫಿಕೇಟ್ ತಾ, ಇಲ್ಲದಿದ್ದರೆ ದಂಡ ಕಟ್ಟು ಅಂದರೆ ಅವನು ಕದ್ದು ಕೆಲಸ ಮಾಡ್ತಾನೆ, ಅಷ್ಟೇ. ಕಾನೂನು ಬೇಕು, ಬಿಗಿಯಾಗೇ ಬೇಕು. ಅದರ ಜೊತೆಗೆ ತರಬೇತಿ ದಿನದ ಕೂಲಿ, ಬಾಡಿಗೆಗೆ ಮೆಷಿನ್, ತಾಲ್ಲೂಕಿಗೊಂದು ಗ್ಯಾಸ್ ಪಡೆಯುವ ಜಾಗವೂ ಬೇಕು.

ಸೂಳೆಕೆರೆ ಪಕ್ಕದ ನಮ್ಮೂರಲ್ಲೂ ಅಡಿಕೆ ಮಾರಿದವರ ಮನೆಗಳಿಗೆ ಈಗ ಎಸಿ ಬರುತ್ತಿವೆ. ಅವೂ ಒಂದು ದಿನ ಕೆಡುತ್ತವೆ. ಬಿಚ್ಚುವವನು ನನ್ನ ತಮ್ಮನೇ.

ಆ ಐನೂರು ಅವನಿಗೆ ವಾಪಸ್ ಕೊಟ್ಟೆ. ಹೋದ ಗ್ಯಾಸ್ ಬರಲಿಲ್ಲ.